ಲಟ್ಟಿಸಿದ ರೊಟ್ಟಿ, ಕೆಂಪು ಗುಮ್ಮಟ

“ನಾ ಊರ ನೋಡಾಕಂತ ಹೋದಾಕಿ ಅಲ್ಲರಿ. ರೊಟ್ಟಿ ಮಾಡಾಕ ಹೋದಾಕಿ. ಅದನ್ನ ಮೊದಲ ಹೇಳಿಬಿಡ್ತೇನಿ, ಆಮ್ಯಾಲ ಅಲ್ಲೇನೈತಿ ಇಲ್ಲೇನೈತಿ ಅಂತ ಕೇಳಿ ನನ್ನ ತಲಿ ತಿನಬ್ಯಾಡ್ರಿ. ನಮ್ಮ ಖಾನಾವಳಿಗೆ ಊಟಕ್ಕ ಬರೂ ಶಿವಯೋಗೀಶ ಅದಾನಲ್ಲರಿ, ಮಂದಿನ ದೇಶ ಸುತ್ತಸಾಕ ಕರಕೊಂಡು ಹೋಗಾಂವ? ಅಂವ ಒಂದಿನ ನಮ್ಮ ಗ್ವಾಡಿಗೆ ಒಂದು ಚಿತ್ರ ಹಚ್ಚಿದಾ. ಊರ ತುಂಬ ಹಂಚಿನ ಮನಿ, ನಡಕ ಒಂದು ಕೆಂಪು ಗುಮ್ಮಟ. ಅದು ಎಷ್ಟು ದೊಡ್ಡದಂತೀರಿ, ಊರ ಮ್ಯಾಲ ಬುಟ್ಟಿ ಬೋರಲು ಹಾಕಿದಂಗ. ಅದರ ನೆತ್ತಿ ಮ್ಯಾಲ ಇರಿವಿಯಂಗ ಮಂದಿ ನಿಂತಿದ್ರು. ನಾ ದಿನಾ ರೊಟ್ಟಿ ಬಡಕೋತ ಅದನ್ನ ನೋಡಾಕಿ. ಒಲಿ ಮುಂದ ಕುಂತಾಕಿಗೆ ಕಾಣೂದು ಏನರಿ? ಮಂದಿ ಕಾಲು. ಯಾರ ಚಪ್ಪಲಿ ಹರದೈತಿ, ಯಾರ ಹಿಮ್ಮಡಿ ಒಡದೈತಿ, ಅದೆಲ್ಲಾ ನನಗ ಗೊತ್ತು. ಅವರ ನೆತ್ತಿ ಹ್ಯಾಂಗೈತಿ ಅಂತ ಮಾತ್ರ ಗೊತ್ತಿಲ್ಲ. ಒಂದಿನ ಕೇಳಿದ್ನಿ, ತಮ್ಮಾ, ಅಲ್ಲೆ ಮ್ಯಾಲ ಹತ್ತಾಕ ಬಿಡ್ತಾರೇನೋ ಅಂತ. ಬಿಡ್ತಾರರಿ ಅಕ್ಕಾರ ಅಂದಾ. ಹಂಗಾರ ನಿಮ್ಮ ಮಂದಿಗೆ ರೊಟ್ಟಿ ಮಾಡಾಕ ನಾ ಬರ್ತೇನಿ, ನನ್ನ ಅದರ ಮ್ಯಾಲ ಹತ್ತಸು ಅಂದ್ನಿ. ಅಂವ ನಕ್ಕಾ. ನಾ ನಗಲಿಲ್ಲ.”

ಹೀಗೆ ಹೇಳುವ ದಾಕ್ಷಾಯಿಣಿ ಹುಬ್ಬಳ್ಳಿಯ ಅಮರಗೋಳದಲ್ಲಿ, ಕಾಳುಕಡಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುವವಳು. ತವರು ಅಮ್ಮಿನಭಾವಿ. ಗಂಡ ಅಮರೇಶ ಮೊದಲು ಒಂದು ದಲ್ಲಾಳಿ ಅಂಗಡಿಯಲ್ಲಿ ಚೀಲ ತೂಗುತ್ತಿದ್ದ. ಬೆನ್ನು ಹಿಡಿದುಕೊಂಡ ಮೇಲೆ ಅದನ್ನು ಬಿಟ್ಟು ಖಾನಾವಳಿಯಲ್ಲಿ ನೀರು ಕೊಡುವುದು, ತಾಟು ಎತ್ತುವುದು ಮಾಡುತ್ತಾನೆ. ಬಾಗಿಲ ಮೇಲಿನ ಹಲಗೆಯನ್ನು ಬರೆಸಿದವನೂ ಅವನೇ: ‘ಇಲ್ಲಿ ಕೈಯಿಂದ ಬಡಿದ ಜೋಳದ ರೊಟ್ಟಿ ಸಿಗುತ್ತದೆ.’ ಎದುರಿನ ಸಾಲಿನಲ್ಲಿ ಹೊಸ ಖಾನಾವಳಿಯೊಂದು ತೆರೆದು, ಅಲ್ಲಿ ಲಟ್ಟಣಿಗೆಯಿಂದ ರೊಟ್ಟಿ ಮಾಡುತ್ತಾರೆಂದು ಗೊತ್ತಾದಾಗ ದಾಕ್ಷಾಯಿಣಿ ತನ್ನ ಗಿರಾಕಿಗಳಿಗೆಲ್ಲ ಕೇಳುವಂತೆ, “ಲಟ್ಟಿಸಿದ್ದಕ್ಕ ರೊಟ್ಟಿ ಅಂತಾರೇನ್ರಿ? ಅದು ಜ್ವಾಳದ ಚಪಾತಿ” ಎಂದಿದ್ದಳು. ಆ ಮಾತು ಮಾರುಕಟ್ಟೆಯ ತುಂಬ ಓಡಾಡಿತು.

ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದವರು ಚನ್ನಯ್ಯನವರು. ಹತ್ತಿ, ಮೆಣಸಿನಕಾಯಿಯ ವ್ಯಾಪಾರದವರು, ವಯಸ್ಸಿನಲ್ಲಿ ಹಿರಿಯರು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಅದಾದ ಮೇಲೆ ತಾಟಿನಲ್ಲಿ ಬಿಸಿ ರೊಟ್ಟಿ: ಇಷ್ಟಾಗದೆ ಅವರು ಮನೆಯ ಹೊಸ್ತಿಲು ದಾಟಿದವರಲ್ಲ. ರಾತ್ರಿ ಮಾಡಿಟ್ಟದ್ದನ್ನು ಬೆಳಿಗ್ಗೆ ಮುಟ್ಟುವವರಲ್ಲ. ಶಿವಯೋಗೀಶ ಮಾರುಕಟ್ಟೆಯ ನಾಲ್ಕಾರು ಮನೆಯವರನ್ನು ಇಟಲಿಗೆ ಹೊರಡಿಸಿದಾಗ ಚನ್ನಯ್ಯನವರು ಇಟ್ಟ ಕರಾರು ಒಂದೇ. “ರೊಟ್ಟಿ ಎಲ್ಲೆ ಸಿಗತೈತಿ, ಅಲ್ಲೆ ನಾ ಬರ್ತೇನಿ.” ಅವರ ಹೆಂಡತಿ ಗೌರಕ್ಕ ಪಕ್ಕದಲ್ಲೇ ಕೂತು, “ಹಂಗಾರ ಇಟಲಿ ಯಾಕರಿ, ನವಲಗುಂದಕ್ಕ ಹೋಗಿ ಬರೂಣಲ್ಲ” ಎಂದಳು.

ಹೀಗೆ ದಾಕ್ಷಾಯಿಣಿ ಹೊರಟಳು. ಅಮರೇಶ, “ಹೋಗಿ ಬಾ, ನಾ ಅನ್ನ ಸಾರಿನ ಮ್ಯಾಲ ನಡಸ್ತೇನಿ” ಎಂದ. ಹೊರಟವರ ಪ್ರತಿಯೊಂದು ಪೆಟ್ಟಿಗೆಯಲ್ಲೂ ಸೀರೆ ಧೋತರದ ನಡುವೆ ಜೋಳದ ಹಿಟ್ಟಿನ ಪೊಟ್ಟಣ. ರೊಟ್ಟಿ ಬಡಿಯುವ ಕಟ್ಟಿಗೆಯ ಹಲಗೆ ಮತ್ತು ಕಬ್ಬಿಣದ ಹಂಚು ದಾಕ್ಷಾಯಿಣಿಯ ಪೆಟ್ಟಿಗೆಯಲ್ಲಿ. ವಿಮಾನದ ತಪಾಸಣೆಯವರು ಹಂಚನ್ನು ಎರಡು ಸಲ ತಿರುವಿ ನೋಡಿದರಂತೆ. ಒಣಗಿಸಿದ ಕಟಕ ರೊಟ್ಟಿಯ ದೊಡ್ಡ ಕಟ್ಟೊಂದನ್ನು ದಾರಿಗೆಂದು ಒಯ್ದಿದ್ದರು. ಅದು ರೋಮ್ ಊರಿನಲ್ಲೇ ಪುಡಿಯಾಗಿ ಮುಗಿದಿತ್ತು.

ಫ್ಲಾರೆನ್ಸಿಗೆ ಬಂದಾಗ ಬಿಸಿಲು ಇಳಿದಿತ್ತು. ಹಳೆಯ ಕಾಲದ ಕಲ್ಲಿನ ಮನೆಯೊಂದರಲ್ಲಿ ಮೇಲಂತಸ್ತನ್ನು ಶಿವಯೋಗೀಶ ಬಾಡಿಗೆಗೆ ಹಿಡಿದಿದ್ದ. ದಪ್ಪ ಗೋಡೆ, ಕಟ್ಟಿಗೆಯ ತೊಲೆ, ನಡೆದರೆ ಕಿರ್ ಎನ್ನುವ ಹಲಗೆಯ ನೆಲ. ಅಡಿಗೆ ಮನೆ ಚಿಕ್ಕದು, ಆದರೆ ಒಲೆಯ ಉರಿ ಒಳ್ಳೆಯದು. ದಾಕ್ಷಾಯಿಣಿ ಅದನ್ನು ಹಚ್ಚಿ ಆರಿಸಿ ನೋಡಿ ಸಮಾಧಾನಪಟ್ಟಳು.

ಸಂಜೆ ಎಲ್ಲರೂ ಚೌಕಕ್ಕೆ ಅಡ್ಡಾಡಲು ಹೋದರು. ಅಲ್ಲಿ ತೆರೆದ ಬಯಲಿನಲ್ಲಿ ಬಿಳಿಗಲ್ಲಿನ ಆಳೆತ್ತರದ, ಅಲ್ಲ, ಮೂರಾಳೆತ್ತರದ ಗಂಡಸೊಬ್ಬ ಮೈಮೇಲೆ ಒಂದೆಳೆ ನೂಲಿಲ್ಲದೆ ನಿಂತಿದ್ದ. ಶಿವಯೋಗೀಶ ಇದು ನಕಲು, ಮೂಲ ಮೂರ್ತಿ ಬೇರೆ ಕಡೆ ಇದೆ ಎಂದು ಹೇಳುತ್ತಿದ್ದ. ಚನ್ನಯ್ಯನವರು ಆಕಾಶ ನೋಡಿದರು. ಗೌರಕ್ಕ ಕೆಳಗಿನಿಂದ ಮೇಲಿನ ತನಕ ನಿಧಾನವಾಗಿ ನೋಡಿ, “ಇಷ್ಟು ಛಲೋ ಹುಡುಗಗ ಒಂದು ಟಾವೆಲ್ ಸುತ್ತಾಕ ಊರಾಗ ಯಾರಿಗೂ ಆಗಲಿಲ್ಲೇನ?” ಎಂದಳು.

“ಸುಮ್ಮನಿರ ನೀ,” ಅಂದರು ಚನ್ನಯ್ಯನವರು.

“ನಾ ಏನಂದ್ನಿ? ಥಂಡಿ ಹತ್ತೀತು ಪಾಪ ಅಂದ್ನಿ.”

ದಾಕ್ಷಾಯಿಣಿಗೆ ನಗು ಬಂತಾದರೂ ಅವಳ ಕಣ್ಣು ಅಲ್ಲಿರಲಿಲ್ಲ. ಓಣಿಯ ಸಂದಿಯಲ್ಲಿ, ಮನೆಗಳ ಮೇಲುಗಡೆ, ಕೆಂಪು ಗುಮ್ಮಟದ ಒಂದು ಹೋಳು ಕಾಣುತ್ತಿತ್ತು. ಹತ್ತಿರ ಹೋದಾಗ ಬಿಳಿ, ಹಸಿರು, ಗುಲಾಬಿ ಕಲ್ಲಿನ ಗೋಡೆಗಳಿಗೆ ಯಾರೋ ಕೂತು ಕಸೂತಿ ಹಾಕಿದಂತಿತ್ತು. ಅವಳು ಕುತ್ತಿಗೆ ಹಿಂದಕ್ಕೆ ಚೆಲ್ಲಿ ನೋಡಿದಳು. ಮೇಲೆ ಕಟಕಟೆಯ ಬಳಿ ಮಂದಿ ನಿಂತಿದ್ದರು. ಇರುವೆಯಷ್ಟೇ.

“ನಾಡದ ಮುಂಜಾನೆ ಒಂಬತ್ತಕ್ಕ ನಮ್ಮ ಪಾಳಿ,” ಅಂದ ಶಿವಯೋಗೀಶ. “ಟಿಕೀಟಿನ ಮ್ಯಾಲ ಎಲ್ಲಾರ ಹೆಸರದಾವ. ಆ ಹೊತ್ತು ತಪ್ಪಿತಂದ್ರ ಮತ್ತ ಬಿಡೂದಿಲ್ಲ.”

“ನನ್ನ ಹೆಸರೂ ಐತೇನೋ?”

“ಐತ್ರಿ ಅಕ್ಕಾರ. ದಾಕ್ಷಾಯಿಣಿ ಅಂತ ಅಷ್ಟುದ್ದ ಬರ್ಯಾಕ ಜಾಗಾ ಸಾಲಲಿಲ್ಲ ಅವರಿಗೆ.”

ಮರುದಿನ ಬೆಳಗಿನ ಜಾವ, ಯಾರೂ ಏಳುವ ಮುಂಚೆ, ದಾಕ್ಷಾಯಿಣಿ ಎಸರು ಕುದಿಸಿ, ಹಿಟ್ಟು ಕಲಸಿ, ಊರಲ್ಲಿ ಕೂತಂತೆಯೇ ನೆಲದ ಮೇಲೆ ಹಲಗೆಯಿಟ್ಟು ಕೂತಳು. ಅಂಗೈ ಬಿದ್ದಿತು. ಟಪ್, ಟಪ್, ಟಪ್. ಅಮರಗೋಳದಲ್ಲಿ ಆ ಸಪ್ಪಳಕ್ಕೇ ಓಣಿ ಏಳುತ್ತದೆ; ಒಂದು ಮನೆಯಲ್ಲಿ ಶುರುವಾದರೆ ಇನ್ನೊಂದು ಮನೆಯಿಂದ ಉತ್ತರ ಬರುತ್ತದೆ. ಅವಳು ಮೂರನೆಯ ರೊಟ್ಟಿಗೆ ಕೈ ಹಾಕಿದಾಗ ಕೆಳಗಿನಿಂದ ಕೇಳಿಸಿತು: ದಬ್, ದಬ್, ದಬ್.

ದಾಕ್ಷಾಯಿಣಿ ಕೈ ನಿಲ್ಲಿಸಿ ಕಿವಿಗೊಟ್ಟಳು. ಮತ್ತೆ ದಬ್, ದಬ್. ಯಾರೋ ಹೆಣ್ಣುಮಗಳು ತನ್ನ ಹಾಗೆಯೇ ಹೊತ್ತು ಹುಟ್ಟುವ ಮುಂಚೆ ಎದ್ದು ಏನೋ ಕುಟ್ಟುತ್ತಿದ್ದಾಳೆ! ಇಷ್ಟು ದೂರದ ಊರಿನಲ್ಲಿ, ಮಾತು ತಿಳಿಯದ ಮಂದಿಯ ನಡುವೆ, ಆ ಸಪ್ಪಳ ಕೇಳಿ ಅವಳಿಗೆ ಹೇಳಲಾರದಷ್ಟು ಹಿತವಾಯಿತು. “ಕುಟ್ಟವಾ, ಕುಟ್ಟು” ಎಂದು ನೆಲದ ಕಡೆ ಬಾಗಿ ಹೇಳಿ, ತಾನೂ ಕೈ ಜೋರು ಮಾಡಿದಳು. ಇವಳು ಎರಡು ಬಡಿದರೆ ಅವಳು ಒಂದು ಕುಟ್ಟುವಳು. ಇವಳು ಲಯ ಏರಿಸಿದಂತೆ ಕೆಳಗಿನ ದಬ್ ಕೂಡ ಏರಿತು. ರೊಟ್ಟಿಗಳು ಆ ದಿನ ಚಂದ್ರನಂತೆ ಬಂದವು.

ಆಮೇಲೆ ಬಾಗಿಲ ಗಂಟೆ ಬಾರಿಸಿದ ಸಪ್ಪಳವಾಯಿತು. ಜೊತೆಗಾರ್ತಿ ಬಂದಳೆಂದು ದಾಕ್ಷಾಯಿಣಿ ಒಂದು ಬಿಸಿ ರೊಟ್ಟಿ ಹಿಡಿದುಕೊಂಡೇ ಬಾಗಿಲು ತೆರೆದಳು. ಎದುರಿಗೆ ಬಡಕಲು ಮೈಯ ಎತ್ತರದ ಮುದುಕಿ, ಕೆದರಿದ ಬಿಳಿ ಕೂದಲು, ಕೈಯಲ್ಲಿ ಉದ್ದನೆಯ ಕಸಬರಿಗೆ. ಆ ಕಸಬರಿಗೆಯ ಹಿಡಿಯಿಂದಲೇ ಅವಳು ಇಷ್ಟು ಹೊತ್ತು ತನ್ನ ಮನೆಯ ಮಾಳಿಗೆಗೆ ಕೆಳಗಿನಿಂದ ತಿವಿಯುತ್ತಿದ್ದದ್ದು. ಮುದುಕಿ ಉಸಿರು ತೆಗೆದುಕೊಳ್ಳದೆ ಬೈದಳು. ದಾಕ್ಷಾಯಿಣಿಗೆ ಒಂದು ಮಾತೂ ತಿಳಿಯಲಿಲ್ಲ, ಎಲ್ಲವೂ ತಿಳಿಯಿತು.

ಶಿವಯೋಗೀಶ ಲುಂಗಿಯಲ್ಲೇ ಓಡಿ ಬಂದು ಕೈ ಮುಗಿದ. ಸ್ವಲ್ಪ ಹೊತ್ತಿಗೆ ಮನೆ ಮಾಲಕನ ಫೋನೂ ಬಂತು. ಬೆಳಿಗ್ಗೆ ಎಂಟರ ಒಳಗೆ ಇನ್ನೊಮ್ಮೆ ಸಪ್ಪಳವಾದರೆ ಮನೆ ಬಿಡಿ ಅಂದನಂತೆ.

ಚಹಾ ಕುಡಿಯುತ್ತ ಗಂಡಸರು ಕೂತು ನಿರ್ಧಾರ ಮಾಡಿದರು. ನಾಳೆ ಮುಂಜಾನೆ ಅವಲಕ್ಕಿ ತಿಂದು ಗುಮ್ಮಟಕ್ಕೆ ಹೋಗುವುದು. ಎಂಟು ಹೊಡೆದ ಮೇಲೆ ದಾಕ್ಷಾಯಿಣಿ ರೊಟ್ಟಿಗೆ ಕೂತುಕೊಳ್ಳುವುದು. ಇವರು ತಿರುಗಿ ಬರುವಷ್ಟರಲ್ಲಿ ಬಿಸಿ ಊಟ. ಚನ್ನಯ್ಯನವರು, “ಒಂದಿನ ಅವಲಕ್ಕಿ ತಿಂತೇನಿ, ಏನ್ಮಾಡೂದು, ಪರದೇಶ” ಎಂದು ದೊಡ್ಡ ತ್ಯಾಗ ಮಾಡಿದವರಂತೆ ಹೇಳಿದರು.

“ಅಕ್ಕಾರ, ನಿಮಗ ಮ್ಯಾಲಿಂದ ಫೋನಿನ್ಯಾಗ ಎಲ್ಲಾ ತೋರಸ್ತೇನ್ರಿ,” ಅಂದ ಶಿವಯೋಗೀಶ. ಅವನ ಮುಖ ಸಣ್ಣದಾಗಿತ್ತು.

“ಚಿತ್ರದಾಗ ನೋಡೇ ಇಲ್ಲಿತನಕ ಬಂದೇನಿ ತಮ್ಮಾ,” ಅಂದಳು ದಾಕ್ಷಾಯಿಣಿ. ತಾಟುಗಳನ್ನು ಒಂದರೊಳಗೊಂದು ಇಟ್ಟಳು.

ಎಲ್ಲರೂ ಚಿತ್ರಶಾಲೆ ನೋಡಲು ಹೋದ ಮೇಲೆ ಅವಳು ಕೂತು ಯೋಚಿಸಿದಳು. ತಾನು ಮಾಡಲು ಬಂದದ್ದು ರೊಟ್ಟಿಯನ್ನೇ. ಮಾತು ಕೊಟ್ಟದ್ದೂ ಅದಕ್ಕೇ. ಆದರೆ ಟಿಕೀಟಿನ ಮೇಲೆ ತನ್ನ ಹೆಸರಿದೆ, ಗುಮ್ಮಟ ಆ ಓಣಿಯ ತುದಿಯಲ್ಲಿದೆ, ಮತ್ತೆ ಈ ಜನ್ಮದಲ್ಲಿ ಇತ್ತ ಬರುವುದಂತೂ ಇಲ್ಲ. ಅವಳಿಗೆ ಅಳು ಬರಲಿಲ್ಲ. ಕೆಳಗಿನ ಮುದುಕಿಯ ನಿದ್ದೆ ಕೆಡಿಸಿದ್ದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಇಳಿಹೊತ್ತಿನಲ್ಲಿ ನಾಲ್ಕು ರೊಟ್ಟಿ, ಒಂದು ಬಟ್ಟಲು ಶೇಂಗಾ ಹಿಂಡಿ ಚಟ್ನಿ ತಗೊಂಡು ಮೆಟ್ಟಿಲಿಳಿದಳು.

ಮುದುಕಿಯ ಹೆಸರು ಲಿದಿಯಾ ಅಂತ ಬಾಗಿಲ ಮೇಲೆ ಬರೆದಿತ್ತೆಂದು ಶಿವಯೋಗೀಶ ಆಮೇಲೆ ಹೇಳಿದ. ಅವಳು ಬಾಗಿಲನ್ನು ಅರ್ಧ ತೆರೆದು ನಿಂತಳು. ದಾಕ್ಷಾಯಿಣಿ ತಾಟು ಮುಂದೆ ಮಾಡಿ, “ತಪ್ಪಾತ್ರಿ ಯವ್ವಾ. ನನಗ ಗೊತ್ತಾಗಲಿಲ್ಲ” ಎಂದಳು ಅಚ್ಚ ಕನ್ನಡದಲ್ಲಿ. ಲಿದಿಯಾ ಮಾಳಿಗೆ ತೋರಿಸಿದಳು, ತನ್ನ ತಲೆ ತೋರಿಸಿದಳು, ಕಣ್ಣು ಮುಚ್ಚಿ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತೋರಿಸಿದಳು. ರೊಟ್ಟಿಯ ವಾಸನೆಗೋ ಏನೋ, ಒಳಗೆ ಬಾ ಎಂಬಂತೆ ಸರಿದಳು.

ಅಡಿಗೆ ಮನೆಯ ಮೇಜಿನ ಮುಂದೆ ನಿಂತು ದಾಕ್ಷಾಯಿಣಿ ಬೆಳಗಿನ ಕಥೆಯನ್ನು ಕೈಯಲ್ಲೇ ಹೇಳಿದಳು. ಹೀಗೆ ನಾನು ಬಡಿದೆ ಎಂದು ಮೇಜಿಗೆ ಎರಡು ಏಟು ಹಾಕಿದಾಗ ಪಿಂಗಾಣಿ ಬಟ್ಟಲುಗಳು ಜಿಗಿದವು; ಲಿದಿಯಾ ಹೌಹಾರಿ ಹಿಡಿದುಕೊಂಡಳು. ಹೀಗೆ ನೀನು ತಿವಿದೆ. ನಾನು ತಿಳಿದದ್ದು ಮಾತ್ರ ಹೀಗೆ, ಎಂದು ಎರಡು ಕೈಯಲ್ಲಿ ಒನಕೆ ಹಿಡಿದು ಕುಟ್ಟುವಂತೆ ಮಾಡಿ, ಕೆಳಗೆ ಬಾಗಿ “ಕುಟ್ಟವಾ, ಕುಟ್ಟು” ಎಂದು ಉತ್ಸಾಹ ಕೊಟ್ಟದ್ದನ್ನೂ ತೋರಿಸಿ, ಕೈ ಜೋರು ಮಾಡಿದ್ದನ್ನೂ ತೋರಿಸಿದಳು. ಲಿದಿಯಾ ಹುಬ್ಬು ಗಂಟಿಕ್ಕಿ ನೋಡಿದಳು. ನಿಧಾನಕ್ಕೆ ತಿಳಿಯಿತು. ಕುರ್ಚಿ ಹುಡುಕಿ ಕೂತು, ಚಷ್ಮಾ ತೆಗೆದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಆಮೇಲೆ ಅವಳು ತನ್ನ ಕೆಲಸಕ್ಕೆ ತಿರುಗಿದಳು. ಮೇಜಿನ ಮೇಲೆ ಹಳದಿ ಬಣ್ಣದ ಹಿಟ್ಟಿನ ಮುದ್ದೆ, ಮೊಳದುದ್ದದ ಲಟ್ಟಣಿಗೆ. ಲಿದಿಯಾ ಲಟ್ಟಿಸತೊಡಗಿದಳು. ಮುದ್ದೆ ಅಗಲವಾಯಿತು, ಇನ್ನೂ ಅಗಲವಾಯಿತು, ಅರಿವೆಯಂತೆ ಮೇಜಿನಂಚಿಗೆ ಇಳಿಬಿತ್ತು. ಪಕ್ಕದ ಕುರ್ಚಿಯಲ್ಲಿ ಬೂದಿ ಬಣ್ಣದ ಬೆಕ್ಕೊಂದು ಮಲಗಿತ್ತು. ದಾಕ್ಷಾಯಿಣಿ ಹಿಟ್ಟಿನ ಹಾಳೆಯನ್ನಲ್ಲ, ಆ ಬೆಕ್ಕನ್ನು ನೋಡುತ್ತಿದ್ದಳು. ಇಷ್ಟು ಲಟ್ಟಿಸಿದರೂ ಸಪ್ಪಳವೇ ಇಲ್ಲ; ಅದು ಕಿವಿ ಕೂಡ ಆಡಿಸಲಿಲ್ಲ.

ಅವಳು ಲಟ್ಟಣಿಗೆ ತೋರಿಸಿ, ಮಾಳಿಗೆ ತೋರಿಸಿ, ತನ್ನ ಎದೆ ಮುಟ್ಟಿಕೊಂಡಳು. ಲಿದಿಯಾ ತನ್ನದನ್ನು ಹಿಂದಕ್ಕೆ ಎಳೆದುಕೊಂಡಳು. ಮೇಜಿನ ಖಾನೆಯಿಂದ ಒಂದು ಗಿಡ್ಡ, ಹಳೆಯ ಲಟ್ಟಣಿಗೆ ತೆಗೆದುಕೊಟ್ಟು, ಮರಳಿ ತಂದುಕೊಡಬೇಕು ಎಂದು ಬೆರಳು ಆಡಿಸಿ ಹೇಳಿದಳು.

ಮರುದಿನ ನಸುಕಿನಲ್ಲಿ ಎಸರಿಟ್ಟು ಹಿಟ್ಟು ಕಲಸಿದ ಮೇಲೆ ದಾಕ್ಷಾಯಿಣಿಯ ಕೈ ಒಂದು ಗಳಿಗೆ ಅನುಮಾನಿಸಿತು. ಅಮರಗೋಳದ ಬಾಗಿಲಿನ ಹಲಗೆ ಕಣ್ಣ ಮುಂದೆ ಬಂತು. ಎದುರಿನ ಖಾನಾವಳಿಯವಳ ಮುಖವೂ ಬಂತು. ಮೊದಲನೆಯ ರೊಟ್ಟಿ ಹರಿಯಿತು, ಎರಡನೆಯದು ಆಕಾರಗೆಟ್ಟಿತು, ಮೂರನೆಯದು ಪರವಾಗಿಲ್ಲ ಅನ್ನಿಸಿತು. ಮನೆ ನಿಶ್ಶಬ್ದವಾಗಿತ್ತು. ಕೆಳಗೂ ನಿಶ್ಶಬ್ದ.

ಸ್ನಾನ ಮುಗಿಸಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಚನ್ನಯ್ಯನವರು ಅವಲಕ್ಕಿ ಎಂದು ಬಂದು ಕೂತರೆ ತಾಟಿನಲ್ಲಿ ರೊಟ್ಟಿ ಹೊಗೆಯಾಡುತ್ತಿತ್ತು. ಅವರ ಮುಖ ಅರಳಿತು. ಆಮೇಲೆ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದರು.

“ತಂಗೀ, ಇದರ ಮ್ಯಾಲ ಬೆರಳಿನ ಗುರ್ತಿಲ್ಲಲ್ಲ?”

ಅವರು ತಾಟು ಸರಿಸಿದರೆ ಎಂಟಾದ ಮೇಲೆ ಮತ್ತೆ ಬಡಿಯಲು ಕೂರಬೇಕು. ಗುಮ್ಮಟ ಅಲ್ಲಿಗೆ ಮುಗಿಯಿತು. ಸುಳ್ಳು ಹೇಳಬಹುದಿತ್ತು. ದಾಕ್ಷಾಯಿಣಿ ಹಂಚಿನಿಂದ ಕಣ್ಣು ತೆಗೆಯದೆ ಹೇಳಿದಳು: “ಬಡಿದದ್ದಲ್ಲರಿ, ಲಟ್ಟಿಸಿದ್ದು. ನನಗೂ ಗುಮ್ಮಟ ಹತ್ತೂದೈತ್ರಿ ಯಜಮಾನ್ರ.”

“ಲಟ್ಟಿಸಿದ್ದು!” ಚನ್ನಯ್ಯನವರು ರೊಟ್ಟಿಯನ್ನು ತಾಟಿನಲ್ಲಿಟ್ಟರು. “ನಮ್ಮ ಮನ್ಯಾಗ ಇಲ್ಲಿತನಕ ಲಟ್ಟಿಸಿದ ರೊಟ್ಟಿ ಒಳಗ ಬಂದಿಲ್ಲ. ಜ್ವಾಳದ ಚಪಾತಿ ಅಂತ ನೀನ ಅಂದಾಕಿ, ಈಗ ನೀನ—”

“ಏನ್ರಿ, ಸುಮ್ಮನ ಉಣ್ಣರಿ,” ಅಂದಳು ಗೌರಕ್ಕ, ಹಿಂಡಿ ಕಲಸಿಕೊಳ್ಳುತ್ತ. “ಏಳೆಂಟು ವರ್ಷ ಆತು ನನ್ನ ಮೊಣಕೈ ಹಿಡಕೊಂಡು. ಅಂದಿನಿಂದ ನೀವು ಉಣ್ಣಾಕತ್ತಿದ್ದು ಎಂಥಾದ್ದಂತ ತಿಳದೀರಿ?”

“ಎಂಥಾದ್ದು?”

“ಲಟ್ಟಿಸಿದ್ದ ಮತ್ತ.”

“ಸುಳ್ಳು! ನಾ ಪೂಜಿಗೆ ಕುಂತಾಗ ದಿನಾ ಬಡಿಯೂ ಸಪ್ಪಳಾ ಕೇಳತೈತಿ!”

“ಮೊದಲಿನ ಎರಡು ಬಡಿತೇನ್ರಿ, ನಿಮಗ ಕೇಳ್ಲಿ ಅಂತ. ಆಮ್ಯಾಲ ಲಟ್ಟಿಸ್ತೇನಿ. ಆ ಎರಡೂ ಕೆಲಸದಾಕಿ ಉಣ್ತಾಳ.”

ಶಿವಯೋಗೀಶ ನೀರು ಕುಡಿಯಲು ಹೋಗಿ ಕೆಮ್ಮಿದ. ಅಲ್ಲಿಂದ ಶುರುವಾದ ನಗು ಕೋಣೆಯ ತುಂಬ ಹಬ್ಬಿತು. ಚನ್ನಯ್ಯನವರು ಹೆಂಡತಿಯನ್ನು ನೋಡಿದರು, ರೊಟ್ಟಿಯನ್ನು ನೋಡಿದರು, ಒಂದು ತುಣುಕು ಮುರಿದು ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

“ಹಿಂಡಿ ಹಾಕು,” ಅಂದರು.

ಎರಡನೆಯ ರೊಟ್ಟಿಗೂ ಬೇಡ ಅನ್ನಲಿಲ್ಲ.

ಗುಮ್ಮಟದ ಮೆಟ್ಟಿಲುಗಳು ಗೋಡೆಯ ಹೊಟ್ಟೆಯೊಳಗೇ ಸುತ್ತಿ ಸುತ್ತಿ ಏರುತ್ತವೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಮೊಣಕೈಯಷ್ಟೇ ಮೊಣಕಾಲೂ ನೋಯುವ ಗೌರಕ್ಕ ಕೆಳಗೆ ಚೌಕದಲ್ಲೇ ಕೂತಳು. ಚನ್ನಯ್ಯನವರು ತಿರುವಿಗೊಮ್ಮೆ ನಿಂತು, “ನೀವು ಮುಂದ ನಡೀರಿ, ನಾ ಗ್ವಾಡಿ ನೋಡಾಕತ್ತೇನಿ” ಅನ್ನುತ್ತಿದ್ದರು. ನಡುದಾರಿಯಲ್ಲಿ ಗುಮ್ಮಟದ ಒಳಮೈ ಕಾಣುವ ಜಾಗ ಬರುತ್ತದೆ. ಛಾವಣಿಯ ತುಂಬ ಚಿತ್ರ: ಮೇಲೆ ಸ್ವರ್ಗ, ಕೆಳಗೆ ನರಕ. ದೆವ್ವಗಳು ಉರಿಯುವ ಪಂಜು ಹಿಡಿದು ಪಾಪಿಗಳನ್ನು ಅಟ್ಟುತ್ತಿದ್ದವು. ಸ್ವರ್ಗದವರು ದೂರ ಇದ್ದರು, ಸರಿಯಾಗಿ ಕಾಣಲಿಲ್ಲ. ನರಕದವರು ಕೈಗೆಟಕುವಷ್ಟು ಹತ್ತಿರ.

“ನೋಡೋ ತಮ್ಮಾ, ಇಷ್ಟು ಮಂದಿ ಅದಾರ, ಇಷ್ಟು ಉರಿ ಐತಿ, ಒಬ್ಬರರ ಹಂಚು ಇಟ್ಟಾರೇನ?” ಅಂದಳು ದಾಕ್ಷಾಯಿಣಿ. ಹಿಂದಿದ್ದ ಯಾರೋ ಪರದೇಶದವರು, ಶಿವಯೋಗೀಶ ನಕ್ಕದ್ದು ನೋಡಿ ತಾವೂ ನಕ್ಕರು.

ಕೊನೆಯ ಮೆಟ್ಟಿಲುಗಳು ಏಣಿಯಂತೆ ಕಡಿದಾಗಿದ್ದವು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಂಡಿಯಿಂದ ತಲೆ ಹೊರಗೆ ಹಾಕಿದಳು. ಗಾಳಿ ಬಂದು ಮುಖಕ್ಕೆ ಬಡಿಯಿತು.

ಸುತ್ತ ಕೆಂಪು ಹಂಚಿನ ಮಾಳಿಗೆಗಳು, ಧಾರವಾಡದ ಹಳೆಯ ಬಂಗಲೆಗಳನ್ನೆಲ್ಲ ಒಂದೆಡೆ ಒತ್ತಿ ಕೂಡಿಸಿದಂತೆ. ಆಚೆ ಹೊಳೆ, ಹೊಳೆಗೆ ಸೇತುವೆಗಳು, ಅದರಾಚೆ ಹಸಿರು ಗುಡ್ಡ. ಯಾರದೋ ಮೇಲ್ಮಾಳಿಗೆಯಲ್ಲಿ ಒಣಗಿದ ಅರಿವೆ. ಕೆಳಗೆ ಚೌಕದಲ್ಲಿ ಮಂದಿ, ಒಣಹಾಕಿದ ಕಾಳಿನಂತೆ ಚೆಲ್ಲಿದ್ದರು. ಎಲ್ಲರ ನೆತ್ತಿ ಕಾಣುತ್ತಿತ್ತು. ಒಂದು ಹಸಿರು ಚುಕ್ಕೆ ಅಲುಗಿತು. ಅದು ಗೌರಕ್ಕನ ಸೀರೆ. ದಾಕ್ಷಾಯಿಣಿ ಕಟಕಟೆ ಹಿಡಿದು ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಶಿವಯೋಗೀಶ ಫೋಟೋ ತೆಗೆಯಲು ಬಂದಾಗ, “ತಡಿಯೋ, ಮೊದಲ ನೋಡ್ತೇನಿ” ಅಂದಳು.

ಆಮೇಲೆ ಚನ್ನಯ್ಯನವರು ಬೆವರು ಒರೆಸಿಕೊಳ್ಳುತ್ತ ಬಂದು ಅವಳ ಪಕ್ಕದಲ್ಲಿ ನಿಂತರು. ಉಸಿರು ತಿರುಗಿದ ಮೇಲೆ ಹೇಳಿದರು: “ತಂಗೀ, ಅಮರಗೋಳದಾಗ ಇಂಥಾದ್ದೊಂದು ಇದ್ದಿದ್ರ ಯಾರ ಅಂಗಡಿಗೆ ಎಷ್ಟು ಮಾಲ ಬಂತಂತ ಕುಂತಲ್ಲೇ ನೋಡಬಹುದಿತ್ತು.”

“ನಿಮ್ಮ ಅಡಿಗಿ ಮನ್ಯಾಗ ಏನ್ ನಡದೈತಿ ಅಂತನೂ ಕಾಣತಿತ್ತರಿ,” ಅಂದಳು ದಾಕ್ಷಾಯಿಣಿ.

ಅವರು ಗುಡ್ಡದ ಕಡೆ ನೋಡಿದರು. ಮೀಸೆಯೊಳಗೆ ನಗುತ್ತಿದ್ದರೆಂದು ಅವಳ ಅಂದಾಜು.

ಹೊರಡುವ ದಿನ ಲಟ್ಟಣಿಗೆ ಮರಳಿ ಕೊಡಲು ಹೋದಾಗ ಲಿದಿಯಾ ಅದನ್ನು ಬಾಗಿಲಲ್ಲೇ ತಿರುಗಿಸಿ ಮುರುಗಿಸಿ ನೋಡಿ, ಸರಿಯಿದೆ ಎಂದು ಖಾತ್ರಿಯಾದ ಮೇಲೆ ದಾಕ್ಷಾಯಿಣಿಯ ಎರಡೂ ಗಲ್ಲಕ್ಕೆ ಮುತ್ತಿಟ್ಟಳು. ದಾಕ್ಷಾಯಿಣಿ ನಾಚಿ ನೀರಾದಳು.

ಅಮರಗೋಳದಲ್ಲಿ ಬಾಗಿಲ ಮೇಲಿನ ಹಲಗೆ ಈಗಲೂ ಅದೇ ಇದೆ. ಕೆಳಗೆ ಯಾರೂ ಇಲ್ಲದ ನೆಲ, ಅಲ್ಲಿ ಅವಳು ಬಡಿದೇ ಮಾಡುತ್ತಾಳೆ. ಎದುರಿನ ಖಾನಾವಳಿಯ ಮಾತು ಬಂದರೆ, “ಅವೂ ರೊಟ್ಟೀನ ಬಿಡ್ರಿ” ಅನ್ನುತ್ತಾಳೆ. ಬದಲಾದದ್ದು ಇನ್ನೊಂದಿದೆ. ಮೊದಲು ಮಾಳಿಗೆಯ ಕೆಲಸಕ್ಕೆಲ್ಲ ಅಮರೇಶನನ್ನೇ ಅಟ್ಟುತ್ತಿದ್ದಳು. ಈಗ ಅವನು ಬೆನ್ನು ನೇವರಿಸಿಕೊಂಡು ಏಳುವುದರೊಳಗೆ, “ನೀವು ಕುಂಡ್ರಿ” ಎಂದು ತಾನೇ ಏಣಿ ಹತ್ತುತ್ತಾಳೆ.

ಮಧ್ಯಾಹ್ನದ ಪಂಕ್ತಿ ಮುಗಿದಿತ್ತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿತ್ತು. ಕೆಳಗೆ ಲಾರಿಗಳು, ಚೀಲ ಹೊತ್ತವರ ರುಮಾಲುಗಳು. ದಾಕ್ಷಾಯಿಣಿ ಒಂದಿಷ್ಟು ನಿಂತು ನೋಡಿದಳು, ಆಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತು, ಇನ್ನೂ ಹಸಿ ಇದ್ದವನ್ನು ಬಿಸಿಲಿನ ಕಡೆ ಸರಿಸುತ್ತ, ಎರಡೂ ಕೈಯಿಂದ ಮೆಣಸಿನಕಾಯಿಯನ್ನು ಮಗುಚಿ ಹಾಕತೊಡಗಿದಳು.